ಕಾರ್ಲ್‌ಟನ್ ಚಾಪ್‌ಮನ್ ಯಾರು? ಬೆಂಗಳೂರಿನ ಹುಡುಗ ಭಾರತ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದು ಹೀಗೆ

ಫುಟ್‌ಬಾಲ್ ಅಂದ ಕೂಡಲೇ ನಮ್ಮ ಕಡೆ ಹುಡುಗರ ಬಾಯಲ್ಲಿ ಬರೋದು ಮೆಸ್ಸಿ, ರೊನಾಲ್ಡೊ. ಇನ್ನೂ ಸ್ವಲ್ಪ ಹತ್ತಿರಕ್ಕೆ ಬಂದರೆ ಸುನಿಲ್ ಛೆಟ್ರಿ. ಛೆಟ್ರಿಗಿಂತ ಮುಂಚೆ ಭಾರತ ತಂಡಕ್ಕೆ ಬೆಂಗಳೂರಿನವರೇ ಒಬ್ಬರು ಕ್ಯಾಪ್ಟನ್ ಆಗಿದ್ದರು. ಹೆಸರು ಕಾರ್ಲ್‌ಟನ್ ಚಾಪ್‌ಮನ್. 1990ರ ದಶಕದಲ್ಲಿ ಕೋಲ್ಕತ್ತಾದ ಟೀ ಅಂಗಡಿಗಳಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. ಕರ್ನಾಟಕದಲ್ಲಿ ಮಾತ್ರ ಇಂದಿಗೂ ಬಹಳ ಜನಕ್ಕೆ ಗೊತ್ತಿಲ್ಲ.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ತೀರಿಕೊಂಡಿದ್ದು 2020ರ ಅಕ್ಟೋಬರ್ 12ರಂದು, ಅದೇ ಬೆಂಗಳೂರಿನಲ್ಲಿ. ಆಗ ವಯಸ್ಸು ಬರೀ 49. ಹುಟ್ಟು, ಸಾವು ಎರಡೂ ನಮ್ಮ ರಾಜ್ಯದಲ್ಲೇ ಆದರೂ ಹೆಸರು, ಹಣ, ಕಪ್ಪು ಎಲ್ಲ ಸಿಕ್ಕಿದ್ದು ಹೊರಗಡೆ: ಜಮ್ಶೆಡ್‌ಪುರ, ಕೋಲ್ಕತ್ತಾ, ಪಂಜಾಬಿನ ಫಗ್ವಾರಾ, ಕೇರಳದ ಕೊಚ್ಚಿ.

ಬೆಂಗಳೂರಿನಿಂದ ಹೊರಗೆ ಹೋಗಿದ್ದು ಯಾಕೆ?

ಬೆಂಗಳೂರು ಫುಟ್‌ಬಾಲ್‌ಗೆ ಬಡ ಊರೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲ್ ಹೊಡೆದ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದು, ಆಮೇಲೆ ಈಸ್ಟ್ ಬೆಂಗಾಲ್ ಕ್ಲಬ್ಬಿನ ಪಂಚ ಪಾಂಡವರಲ್ಲಿ ಒಬ್ಬರು ಅನ್ನಿಸಿಕೊಂಡ ಅಹಮದ್ ಖಾನ್ ಇಲ್ಲಿಯವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಇಲ್ಲಿಯವರೇ, ಹೆಸರು ಮಾಡಿದ್ದು ಕೋಲ್ಕತ್ತಾದ ಮೋಹನ್ ಬಾಗಾನ್‌ನಲ್ಲಿ. ಅಂದರೆ ಬೆಂಗಳೂರಿನಲ್ಲಿ ಕಲಿಯೋದು, ಕೋಲ್ಕತ್ತಾಗೆ ಹೋಗಿ ಆಡೋದು ಹಳೇ ರೂಢಿ. ಚಾಪ್‌ಮನ್ ಹಿಡಿದಿದ್ದೂ ಅದೇ ದಾರಿ.

ಕಾರಣ ಸರಳ. ಬೆಂಗಳೂರಿನಲ್ಲಿ ಆಗ ದೊಡ್ಡ ತಂಡ ಅಂದ್ರೆ ಕಾರ್ಖಾನೆಗಳ ತಂಡ. ಎಚ್‌ಎಎಲ್, ಐಟಿಐ ಇಂಥವು. ಚೆನ್ನಾಗಿ ಆಡುವವರಿಗೆ ಅಲ್ಲಿ ಕೆಲಸ ಸಿಗ್ತಿತ್ತು, ಆಟ ನಿಂತ ಮೇಲೂ ಸಂಬಳ ಬರ್ತಿತ್ತು. ಮನೆಯವರಿಗೆ ಅದೇ ಸಮಾಧಾನ. ಆದರೆ ಫುಟ್‌ಬಾಲ್ ಒಂದನ್ನೇ ನಂಬಿ ಬದುಕ್ತೀನಿ ಅನ್ನೋ ಹುಡುಗನಿಗೆ ಊರಲ್ಲಿ ಜಾಗ ಇರಲಿಲ್ಲ.

ಚಾಪ್‌ಮನ್ ಬೆಂಗಳೂರಿನ ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ತರಬೇತಿ ಪಡೆದರು, ಸದರ್ನ್ ಬ್ಲೂಸ್ ಅನ್ನೋ ಸ್ಥಳೀಯ ತಂಡಕ್ಕೆ ಆಡಿದರು. 1990ರಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಈ ಅಕಾಡೆಮಿ ಶುರುವಾಗಿದ್ದು 1987ರಲ್ಲಿ, ಜಮ್ಶೆಡ್‌ಪುರದಲ್ಲಿ. ದೇಶದ ಬೇರೆ ಬೇರೆ ಕಡೆಯಿಂದ ಹುಡುಗರನ್ನು ಆರಿಸಿ, ಅಲ್ಲೇ ಇಟ್ಟುಕೊಂಡು, ಊಟ, ವಸತಿ, ತರಬೇತಿ ಕೊಡೋ ಪದ್ಧತಿ. ಆ ಕಾಲಕ್ಕೆ ಭಾರತದಲ್ಲಿ ಇಂಥದ್ದು ಹೊಸದು. ಹತ್ತೊಂಬತ್ತು ವರ್ಷದ ಹುಡುಗ ಬೆಂಗಳೂರು ಬಿಟ್ಟು ಉಕ್ಕಿನ ಊರಿಗೆ ಹೋದದ್ದು ಅವರ ಜೀವನದ ಮೊದಲ ದೊಡ್ಡ ತಿರುವು. ಅಲ್ಲಿದ್ದಾಗಲೇ, 1991ರಲ್ಲಿ, ಭಾರತ ತಂಡದ ಬಾಗಿಲು ತೆರೀತು.

ಮಿಡ್‌ಫೀಲ್ಡರ್ ಕೆಲಸ ಏನು?

ಚಾಪ್‌ಮನ್ ಆಡ್ತಿದ್ದುದು ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ನಡುವೆ. ಆಟ ಹೆಚ್ಚು ನೋಡದವರಿಗೆ ಒಂದು ಮಾತು. ಗೋಲ್ ಹೊಡೆಯೋನು ಮುಂದೆ ಇರ್ತಾನೆ, ಗೋಲ್ ತಡೆಯೋನು ಹಿಂದೆ ಇರ್ತಾನೆ. ಇವರಿಬ್ಬರ ನಡುವೆ ಓಡಾಡೋನೇ ಮಿಡ್‌ಫೀಲ್ಡರ್. ಎದುರಾಳಿಯ ಕಾಲಿಂದ ಚೆಂಡು ಕಸಿಯಬೇಕು, ಕಸಿದದ್ದನ್ನ ಮುಂದಿನವನಿಗೆ ಸರಿಯಾಗಿ ಮುಟ್ಟಿಸಬೇಕು, ಚೆಂಡು ಕೈತಪ್ಪಿದರೆ ವಾಪಸ್ ಓಡಿ ಬರಬೇಕು. 90 ನಿಮಿಷದಲ್ಲಿ ಹತ್ತು ಕಿಲೋಮೀಟರ್ ಆಸುಪಾಸು ಓಡೋದು ಇವರಿಗೆ ಮಾಮೂಲು. ಮಾರನೇ ದಿನ ಪೇಪರ್‌ನಲ್ಲಿ ಹೆಸರು ಬರೋದು ಮಾತ್ರ ಗೋಲ್ ಹೊಡೆದವನದ್ದು. ಮದುವೆ ಮನೆಯಲ್ಲಿ ಅಡುಗೆ ಭಟ್ಟರ ಪಾಡು ಇದ್ದಂಗೆ.

ಆದ್ದರಿಂದಲೇ 1993ರ ಒಂದು ಮ್ಯಾಚು ಚಾಪ್‌ಮನ್ ಹೆಸರಿಗೆ ಅಂಟಿಕೊಂಡಿದೆ. ಆ ವರ್ಷ ಅವರು ಈಸ್ಟ್ ಬೆಂಗಾಲ್ ಸೇರಿದ್ದರು. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ ಎದುರಾಳಿ ಇರಾಕಿನ ಅಲ್ ಜವ್ರಾ. ಬಾಗ್ದಾದಿನ ಬಲಿಷ್ಠ ಕ್ಲಬ್ಬು ಅದು. ಭಾರತದ ಕ್ಲಬ್ಬುಗಳು ಇಂಥ ತಂಡದ ಮುಂದೆ ಮರ್ಯಾದೆಯಾಗಿ ಸೋತರೆ ಸಾಕು ಅಂತಿದ್ದ ಕಾಲ. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್ ಅವರದ್ದು. ಮಿಡ್‌ಫೀಲ್ಡರ್ ಒಬ್ಬ ಹ್ಯಾಟ್ರಿಕ್ ಹೊಡೆಯೋದೇ ಅಪರೂಪ, ಅದೂ ಇರಾಕಿನ ತಂಡದ ಮೇಲೆ. ಈಸ್ಟ್ ಬೆಂಗಾಲ್ ಅಭಿಮಾನಿಗಳು ಇವತ್ತಿಗೂ ಈ ಮ್ಯಾಚ್ ನೆನಪು ಮಾಡ್ಕೊಳ್ತಾರೆ.

ವಿಜಯನ್, ಭುಟಿಯಾ ಜೊತೆ ಪಂಜಾಬಿನಲ್ಲಿ

1995ರಲ್ಲಿ ಚಾಪ್‌ಮನ್ ಕೋಲ್ಕತ್ತಾ ಬಿಟ್ಟು ಜೆಸಿಟಿ ಸೇರಿದರು. ಪಂಜಾಬಿನ ಫಗ್ವಾರಾದಲ್ಲಿರುವ ಜವಳಿ ಗಿರಣಿಯ ತಂಡ ಇದು. ಗಿರಣಿ ತಂಡ ಅಂತ ಹಗುರವಾಗಿ ನೋಡೋ ಹಾಗಿಲ್ಲ. ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ, ಬೆಂಗಳೂರಿನ ಚಾಪ್‌ಮನ್, ಮೂವರೂ ಒಂದೇ ತಂಡದಲ್ಲಿದ್ದರು. ದೇಶದ ಮೂರು ಮೂಲೆಯ ಮೂವರು ಒಂದು ಸಣ್ಣ ಪಂಜಾಬಿ ಊರಲ್ಲಿ. ಚಾಪ್‌ಮನ್ ಇದ್ದ ಅವಧಿಯಲ್ಲಿ ಜೆಸಿಟಿ 14 ಟ್ರೋಫಿ ಗೆದ್ದಿತು.

ಅವುಗಳಲ್ಲಿ ಮುಖ್ಯವಾದದ್ದು 1996-97ರ ನ್ಯಾಷನಲ್ ಫುಟ್‌ಬಾಲ್ ಲೀಗ್. ಅದಕ್ಕೆ ಮುಂಚೆ ಭಾರತದಲ್ಲಿ ರಾಷ್ಟ್ರಮಟ್ಟದ ಲೀಗೇ ಇರಲಿಲ್ಲ. ಡ್ಯುರಾಂಡ್, ಫೆಡರೇಷನ್ ಕಪ್ ಥರದ ನಾಕೌಟ್ ಟೂರ್ನಿಗಳು, ಇಲ್ಲಾಂದ್ರೆ ಕೋಲ್ಕತ್ತಾ ಲೀಗ್, ಗೋವಾ ಲೀಗ್ ಅಂತ ಊರೂರಿನವು. ಇಡೀ ದೇಶದ ತಂಡಗಳು ಸೇರಿ ಆಡಿದ ಮೊದಲ ಲೀಗ್ ಅದು, ಮೊದಲ ಚಾಂಪಿಯನ್ ಜೆಸಿಟಿ. ಭುಟಿಯಾ 14 ಗೋಲ್ ಹೊಡೆದು ಎಲ್ಲರಿಗಿಂತ ಮುಂದಿದ್ದರು. ಆ ಗೋಲುಗಳ ಹಿಂದೆ ನಡುವಿನಲ್ಲಿ ಬೆವರು ಸುರಿಸಿದವರಲ್ಲಿ ಚಾಪ್‌ಮನ್ ಒಬ್ಬರು.

ಭಾರತ ತಂಡಕ್ಕೂ ಅದು ಒಳ್ಳೇ ಕಾಲ. 1996ರ ಫೆಬ್ರವರಿಯಲ್ಲಿ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 94ನೇ ಸ್ಥಾನಕ್ಕೆ ಬಂತು. ಇವತ್ತಿನವರೆಗೆ ಅದಕ್ಕಿಂತ ಮೇಲೆ ಹೋಗಿಲ್ಲ. 1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ಸ್ಯಾಫ್ ಟೂರ್ನಿಯನ್ನು ಭಾರತ ಗೆದ್ದಾಗ ಕ್ಯಾಪ್ಟನ್ ಚಾಪ್‌ಮನ್. ಫೈನಲ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 5-1ರ ಗೆಲುವು. 1991ರಿಂದ 2001ರವರೆಗೆ, ಹೆಚ್ಚುಕಡಿಮೆ ಹತ್ತು ವರ್ಷ, ಅವರು ದೇಶದ ಜೆರ್ಸಿ ಹಾಕಿದರು. ಕ್ರಿಕೆಟ್‌ನಲ್ಲಿ ಇಷ್ಟು ಮಾಡಿದ್ದರೆ ಊರಿನ ಸರ್ಕಲ್‌ಗೆ ಹೆಸರು ಇಡ್ತಿದ್ದರು, ಬಿಡಿ.

ಕೊಚ್ಚಿ, ಮತ್ತೆ ಕೋಲ್ಕತ್ತಾ

1997ರಲ್ಲಿ ಕೇರಳದಲ್ಲಿ ಎಫ್‌ಸಿ ಕೊಚ್ಚಿನ್ ಅನ್ನೋ ಹೊಸ ಕ್ಲಬ್ಬು ಹುಟ್ಟಿತು. ಬ್ಯಾಂಕಿನದೂ ಅಲ್ಲ, ಗಿರಣಿಯದೂ ಅಲ್ಲ, ಪೂರ್ತಿ ವೃತ್ತಿಪರ ಕ್ಲಬ್ಬು. ವಿಜಯನ್, ಜೋ ಪಾಲ್ ಅಂಚೇರಿ ಅಂಥವರನ್ನು ಕರೆತಂದಿತು, ಚಾಪ್‌ಮನ್ ಕೂಡ ಬಂದರು. ಅದೇ ವರ್ಷ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತು. ಆದರೆ ಚಾಪ್‌ಮನ್ ಅಲ್ಲಿ ಇದ್ದಿದ್ದು ಒಂದೇ ಸೀಸನ್. 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ವಾಪಸ್.

ಇಲ್ಲೊಂದು ವಿಚಿತ್ರ ಗಮನಿಸಬೇಕು. 1998ರಲ್ಲಿ ಈಸ್ಟ್ ಬೆಂಗಾಲ್‌ಗೂ ಮೋಹನ್ ಬಾಗಾನ್‌ಗೂ ದುಡ್ಡು ಹಾಕಲು ಮುಂದೆ ಬಂದದ್ದು ವಿಜಯ್ ಮಲ್ಯ ಅವರ ಯುಬಿ ಗ್ರೂಪ್, ಅಂದರೆ ಬೆಂಗಳೂರಿನ ಕಂಪನಿ. ಆಟಗಾರ ಬೆಂಗಳೂರಿನವರು, ದುಡ್ಡು ಬೆಂಗಳೂರಿನದು, ಆಟ ಮಾತ್ರ ಕೋಲ್ಕತ್ತಾದಲ್ಲಿ. ಪ್ರೇಕ್ಷಕ ಎಲ್ಲಿದ್ದಾನೋ ದುಡ್ಡು ಅಲ್ಲಿಗೇ ಹೋಗುತ್ತೆ ಅನ್ನೋದು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಿಲ್ಲ.

ಎರಡನೇ ಸಲ ಬಂದಾಗ ಚಾಪ್‌ಮನ್ ಮೇಲೆ ಒಂದು ಹೊರೆ ಇತ್ತು. ಎದುರಾಳಿ ಮೋಹನ್ ಬಾಗಾನ್ 1997-98ರಲ್ಲಿ ಒಮ್ಮೆ, 1999-2000ದಲ್ಲಿ ಇನ್ನೊಮ್ಮೆ ರಾಷ್ಟ್ರೀಯ ಲೀಗ್ ಗೆದ್ದಾಗಿತ್ತು. ಈಸ್ಟ್ ಬೆಂಗಾಲ್ ಕೈಯಲ್ಲಿ ಒಂದೂ ಇಲ್ಲ. ಇವೆರಡರ ಪೈಪೋಟಿ ಎಂಥದ್ದು ಅಂದ್ರೆ, 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಬಂದಿದ್ದು 1.31 ಲಕ್ಷ ಜನ. ಅಂಥ ಊರಲ್ಲಿ ಎದುರಾಳಿ ಬಳಿ ಇರೋ ಕಪ್ಪು ತಮ್ಮ ಬಳಿ ಇಲ್ಲ ಅಂದರೆ ಅಭಿಮಾನಿಗಳು ಸುಮ್ಮನಿರಲ್ಲ. ಕೊನೆಗೆ 2000-01ರಲ್ಲಿ ಕೋಚ್ ಮನೋರಂಜನ್ ಭಟ್ಟಾಚಾರ್ಯ ಅವರ ಕೈಕೆಳಗೆ, ಚಾಪ್‌ಮನ್ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ರಾಷ್ಟ್ರೀಯ ಲೀಗ್ ಎತ್ತಿಹಿಡಿಯಿತು. ಅದೇ 2001ರಲ್ಲಿ ಚಾಪ್‌ಮನ್ ಬೂಟು ಬಿಚ್ಚಿಟ್ಟರು. ಮೂವತ್ತು ವರ್ಷ, ಕೈಯಲ್ಲಿ ಕಪ್ಪು. ಇದಕ್ಕಿಂತ ಒಳ್ಳೇ ಸಮಯ ಸಿಗಲಿಕ್ಕಿಲ್ಲ.

ಆಟ ಬಿಟ್ಟ ಮೇಲೆ

ಕಾರ್ಖಾನೆ ಕೆಲಸ ಹಿಡಿದು ಆಡಿದವರಿಗೆ ಆಟ ನಿಂತ ಮೇಲೂ ಕುರ್ಚಿ ಇರುತ್ತೆ. ವೃತ್ತಿಪರ ಆಟಗಾರನಿಗೆ ಆ ಅನುಕೂಲ ಇಲ್ಲ, ಗೊತ್ತಿರೋ ವಿದ್ಯೆಯಿಂದಲೇ ದುಡೀಬೇಕು. ಚಾಪ್‌ಮನ್ ಕೋಚಿಂಗ್ ಹಿಡಿದರು. ಮೊದಲು ತಾವೇ ಕಲಿತ ಟಾಟಾ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸಿದರು. ಆಮೇಲೆ ಮೇಘಾಲಯದ ಶಿಲ್ಲಾಂಗ್‌ಗೆ ಹೋಗಿ ರಾಯಲ್ ವಾಹಿಂಗ್ಡೋ ಕ್ಲಬ್ಬಿನ ಕೋಚ್ ಆದರು. ಕೋಲ್ಕತ್ತಾದ ಭವಾನಿಪುರ ಕ್ಲಬ್ಬು, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವಾ ಅಂತ ಓಡಾಟ ನಡೆದೇ ಇತ್ತು. 2017ರ ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್ ಫುಟ್‌ಬಾಲ್ ಅಕಾಡೆಮಿಗೆ ಟೆಕ್ನಿಕಲ್ ಡೈರೆಕ್ಟರ್ ಆದರು. ಮಿಡ್‌ಫೀಲ್ಡರ್ ಓಡೋದು ನಿಲ್ಲಿಸಲಿಲ್ಲ ಅಂತಲೇ ಹೇಳಬೇಕು.

2020ರ ಅಕ್ಟೋಬರ್‌ನಲ್ಲಿ, ಕೊರೊನಾ ಕಾಲ, ಚಾಪ್‌ಮನ್ ಬೆಂಗಳೂರಿನಲ್ಲೇ ಇದ್ದರು. 11ರಂದು ಭಾನುವಾರ ರಾತ್ರಿ ಬೆನ್ನು ನೋವು ಅಂತ ಆಸ್ಪತ್ರೆಗೆ ಸೇರಿದರು. ಸೋಮವಾರ ಬೆಳಗಿನ ಜಾವ ಹೃದಯಾಘಾತದಿಂದ ತೀರಿಕೊಂಡರು. ಹೃದಯದ ತೊಂದರೆ ಎದೆನೋವಾಗಿಯೇ ಬರಬೇಕು ಅಂತಿಲ್ಲ. ಬೆನ್ನು, ಭುಜ, ದವಡೆ ನೋವಾಗಿಯೂ ಕಾಣಿಸಿಕೊಳ್ಳಬಹುದು ಅಂತ ವೈದ್ಯರು ಹೇಳ್ತಾನೇ ಇರ್ತಾರೆ. ದಿನಪೂರ್ತಿ ಅಂಗಡಿಯಲ್ಲಿ ಕೂತು, ಬೆನ್ನು ನೋವಿಗೆ ಮುಲಾಮು ಹಚ್ಚಿ ಸುಮ್ಮನಾಗೋರು ನಮ್ಮಲ್ಲಿ ಜಾಸ್ತಿ. ದೇಶಕ್ಕೆ ಆಡಿದ ಮೈಯೇ 49ಕ್ಕೆ ಹೀಗಾಯ್ತು ಅನ್ನೋದು ನೆನಪಿರಲಿ.

ಸಂತೋಷ್ ಟ್ರೋಫಿ ಲೆಕ್ಕ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತೆ. ರಾಜ್ಯ ತಂಡಗಳ ಈ ಟೂರ್ನಿಯನ್ನು ನಮ್ಮವರು ಮೈಸೂರು ಅನ್ನೋ ಹೆಸರಲ್ಲಿ ಕೊನೆಯದಾಗಿ ಗೆದ್ದಿದ್ದು 1968-69ರಲ್ಲಿ. ಆಮೇಲೆ ಗೆದ್ದಿದ್ದು 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ 54 ವರ್ಷ. ಚಾಪ್‌ಮನ್ ಹುಟ್ಟಿದ್ದು ಮೊದಲನೇ ಗೆಲುವಿನ ನಂತರ, ಹೋಗಿದ್ದು ಎರಡನೇ ಗೆಲುವಿಗೆ ಮುಂಚೆ. ದೇಶಕ್ಕೆ ಕ್ಯಾಪ್ಟನ್ ಆದವರು ತಮ್ಮ ರಾಜ್ಯ ಆ ಕಪ್ ಗೆದ್ದಿದ್ದನ್ನ ಒಮ್ಮೆಯೂ ನೋಡಲಿಲ್ಲ. ಬೆಂಗಳೂರಿಗೆ ಬೆಂಗಳೂರು ಎಫ್‌ಸಿ ಬಂದಿದ್ದು 2013ರಲ್ಲಿ, ಅವರು ಆಟ ನಿಲ್ಲಿಸಿ ಹನ್ನೆರಡು ವರ್ಷ ಆದ ಮೇಲೆ.

ಅವರು ಆಡಿದ ಕ್ಲಬ್ಬುಗಳಲ್ಲಿ ಎಫ್‌ಸಿ ಕೊಚ್ಚಿನ್ ಹಣದ ತೊಂದರೆಯಿಂದ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಜೆಸಿಟಿ ತನ್ನ ತಂಡವನ್ನು 2011ರಲ್ಲಿ ನಿಲ್ಲಿಸಿತು. ಟಾಟಾ ಅಕಾಡೆಮಿ ಜಮ್ಶೆಡ್‌ಪುರದಲ್ಲಿ ಈಗಲೂ ನಡೀತಿದೆ. ಈಸ್ಟ್ ಬೆಂಗಾಲ್ ಐಎಸ್‌ಎಲ್ ಸೇರುತ್ತೆ ಅನ್ನೋ ಸುದ್ದಿ ಖಚಿತವಾಗಿದ್ದು 2020ರ ಸೆಪ್ಟೆಂಬರ್ ಕೊನೆಯಲ್ಲಿ, ಚಾಪ್‌ಮನ್ ತೀರಿಕೊಳ್ಳುವ ಎರಡು ವಾರ ಮೊದಲು. ಐಎಸ್‌ಎಲ್‌ನಲ್ಲಿ ಆ ತಂಡದ ಮೊದಲ ಮ್ಯಾಚು ನಡೆದಿದ್ದು ನವೆಂಬರ್ 27ರಂದು.