ಕಪ್ಪು ಪರದೆಯ ಪೂರ್ವಕಥೆ

ಲ್ಯಾಪ್‌ಟಾಪ್ ಸರಿಯಾಗಿದೆ. ಕೇಬಲ್ ಸರಿಯಾಗಿದೆ. ಪ್ರೊಜೆಕ್ಟರ್ ಕೂಡ ಸರಿಯಾಗೇ ಇದೆ. ಆದ್ರೂ ಮೀಟಿಂಗ್ ರೂಮಿನ ಪರದೆ ಕಪ್ಪು. ಯಾರೋ ಕೇಬಲ್ ಕಿತ್ತು ಮತ್ತೆ ಸಿಕ್ಕಿಸ್ತಾರೆ, ಇನ್ಯಾರೋ ಐಟಿಯವರಿಗೆ ಫೋನ್ ಮಾಡ್ತಾರೆ. ಇಂಥ ಹೊತ್ತಲ್ಲಿ ಕೆಲವು ಸಲ ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ಒಂದು ಯಂತ್ರ ಇನ್ನೊಂದನ್ನು ನಂಬುತ್ತಿಲ್ಲ, ಅಷ್ಟೆ. ಈ ಅಪನಂಬಿಕೆಗೆ ಸುಮಾರು ನಲವತ್ತು ವರ್ಷಗಳ ಇತಿಹಾಸವಿದೆ.

ಶುರುವಾಗಿದ್ದು ಅಮೆರಿಕದಲ್ಲಿ, ವಿಡಿಯೋ ಕ್ಯಾಸೆಟ್ ಕಾಲದಲ್ಲಿ. ಟಿವಿ ಕಾರ್ಯಕ್ರಮಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳಬಹುದಾದ ಬೀಟಾಮ್ಯಾಕ್ಸ್ ಯಂತ್ರವನ್ನು ಸೋನಿ ಮಾರುಕಟ್ಟೆಗೆ ತಂದಾಗ ಯೂನಿವರ್ಸಲ್ ಮತ್ತು ಡಿಸ್ನಿ 1976ರಲ್ಲಿ ಕೇಸು ಹಾಕಿದವು. 1984ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸೋನಿ ಪರ ತೀರ್ಪು ಕೊಟ್ಟಿತು. ಆಮೇಲೆ ನೋಡೋಣ ಅಂತ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ತಪ್ಪಲ್ಲ ಅಂತಾಯಿತು.

ಕಾನೂನು ಕೈಬಿಟ್ಟ ಮೇಲೆ ಉಳಿದದ್ದು ತಂತ್ರಜ್ಞಾನ. 1985ರಲ್ಲಿ ‘ದಿ ಕಾಟನ್ ಕ್ಲಬ್’ ಸಿನಿಮಾದ ಕ್ಯಾಸೆಟ್ ಮ್ಯಾಕ್ರೋವಿಷನ್ ಎಂಬ ರಕ್ಷಣೆಯೊಂದಿಗೆ ಬಂತು. ಪರದೆಯ ಮೇಲೆ ಕಾಣದ ಗೆರೆಗಳಲ್ಲಿ ಒಂದಿಷ್ಟು ಸುಳ್ಳು ಮಿಡಿತಗಳನ್ನು ಸೇರಿಸುವುದು ಅದರ ಉಪಾಯ. ಟಿವಿ ಅದನ್ನು ಲೆಕ್ಕಿಸದು. ರೆಕಾರ್ಡರ್ ಮಾತ್ರ ಮೋಸಹೋಗಿ, ನಕಲು ಚಿತ್ರ ಒಮ್ಮೆ ಮಂಕು, ಒಮ್ಮೆ ಪ್ರಖರ. ಒಂದು ವಿಷಯ ಗಮನಿಸಿ: ಇಲ್ಲಿ ಪೆಟ್ಟು ಬಿದ್ದದ್ದು ನಕಲು ಮಾಡುವವನಿಗೆ. ಬರೀ ನೋಡುವವನಿಗೆ ಹೆಚ್ಚಿನ ತಂಟೆ ಇರಲಿಲ್ಲ.

ಡಿಜಿಟಲ್ ಕಾಲದಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಡಿಜಿಟಲ್ ನಕಲಿಗೂ ಮೂಲಕ್ಕೂ ವ್ಯತ್ಯಾಸವೇ ಇಲ್ಲವಲ್ಲ! ಹಾಗಾಗಿ 2000ದ ಫೆಬ್ರವರಿಯಲ್ಲಿ ಇಂಟೆಲ್ ಎಚ್‌ಡಿಸಿಪಿ ಎಂಬ ಬೀಗವನ್ನು ಹೊರತಂದಿತು. ಪ್ಲೇಯರ್‌ಗೂ ಟಿವಿಗೂ ತಲಾ 40 ಗುಪ್ತ ಕೀಲಿಗಳು. ಮೊದಲು ಎರಡೂ ಪರಸ್ಪರ ಗುರುತು ಹಿಡಿಯಬೇಕು, ಆಮೇಲೆ ಚಿತ್ರವನ್ನು ಗೂಢಲಿಪಿಯಲ್ಲಿ ಕಳಿಸಬೇಕು. ಅಷ್ಟಕ್ಕೇ ಮುಗಿಯಲಿಲ್ಲ, ಸುಮಾರು ಎರಡು ಸೆಕೆಂಡಿಗೊಮ್ಮೆ ಮತ್ತೆ ತಪಾಸಣೆ. ಗುರುತು ತಪ್ಪಿದರೆ ಚಿತ್ರ ಬಂದ್.

ಒಂದು ಪ್ಲೇಯರ್, ಒಂದು ಟಿವಿ ಇರುವ ಮನೆಗೆ ಇದು ಸರಿ. ಆದ್ರೆ ವಿಶ್ವವಿದ್ಯಾಲಯದ ಉಪನ್ಯಾಸ ಸಭಾಂಗಣದಲ್ಲಿ ಒಂದು ಲ್ಯಾಪ್‌ಟಾಪಿನ ಸಿಗ್ನಲ್ ಸ್ವಿಚರ್ ಮೂಲಕ ಹಾದು ನಾಲ್ಕು ಪ್ರೊಜೆಕ್ಟರ್‌ಗಳಿಗೆ, ಒಂದು ರೆಕಾರ್ಡರ್‌ಗೆ, ವಿಡಿಯೋ ಕಾನ್ಫರೆನ್ಸ್ ಯಂತ್ರಕ್ಕೆ ಹೋಗಬೇಕು. ಪ್ರತಿಯೊಂದರ ಗುರುತೂ ಮೂಲದವರೆಗೆ ತಲುಪಬೇಕು. ಒಂದು ಲ್ಯಾಪ್‌ಟಾಪ್ ಬಿಟ್ಟು ಇನ್ನೊಂದಕ್ಕೆ ಸ್ವಿಚ್ ಮಾಡಿದಾಗಲೆಲ್ಲ ತಪಾಸಣೆ ಮೊದಲಿಂದ, ಅಷ್ಟು ಹೊತ್ತು ಪರದೆ ಕಪ್ಪು. ಮನೆಯ ಬಾಗಿಲಿಗೆ ಮಾಡಿಸಿದ ಚಿಲಕವನ್ನು ಛತ್ರದ ಬಾಗಿಲಿಗೆ ಹಾಕಿದ ಹಾಗಾಯಿತು.

2008ರ ಕೊನೆಯಲ್ಲಿ ಹೊಸ ಮ್ಯಾಕ್‌ಬುಕ್ ಕೊಂಡವರಿಗೂ ಇದರ ಬಿಸಿ ತಟ್ಟಿತು. ಐಟ್ಯೂನ್ಸ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಸಿನಿಮಾಗಳೇ ಎಚ್‌ಡಿಸಿಪಿ ಇಲ್ಲದ ಹಳೆಯ ಪರದೆಗಳ ಮೇಲೆ ಓಡಲಿಲ್ಲ. ಇದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಎದುರಿಗಿರುವ ಯಂತ್ರ ಎಚ್‌ಡಿಸಿಪಿ ಬಲ್ಲದು ಅಂತ ಗೊತ್ತಾದ ಕೂಡಲೇ ಕೆಲವು ಲ್ಯಾಪ್‌ಟಾಪ್‌ಗಳು ಎಲ್ಲಕ್ಕೂ ಬೀಗ ಹಾಕುತ್ತಿದ್ದವು, ಸಿನಿಮಾಗೂ, ನೀವೇ ರಾತ್ರಿ ಕೂತು ಮಾಡಿದ ಸ್ಲೈಡುಗಳಿಗೂ! ಬೀಗ ಬಿದ್ದ ಸಿಗ್ನಲ್ಲನ್ನು ರೆಕಾರ್ಡರ್ ಮುಟ್ಟುವಂತಿಲ್ಲ. ಮೇಷ್ಟ್ರ ಸ್ವಂತ ಪಾಠವೇ ದೂರದ ವಿದ್ಯಾರ್ಥಿಗಳಿಗೆ ತಲುಪದು.

ಆಡಿಯೋ-ವಿಡಿಯೋ ಎಂಜಿನಿಯರುಗಳು ಇದಕ್ಕೆ ಎರಡು ದಾರಿ ಕಂಡುಕೊಂಡರು. ಒಂದು, ಗುರುತಿನ ವ್ಯವಹಾರವನ್ನೆಲ್ಲ ನಡುವಿನ ಸ್ವಿಚರ್‌ಗೇ ವಹಿಸುವುದು. ಅದು ಎಲ್ಲ ಪರದೆಗಳ ಗುರುತನ್ನೂ ಮೊದಲೇ ಹಿಡಿದಿಟ್ಟುಕೊಂಡು, ಅರ್ಹತೆ ಇಲ್ಲದ ಒಂದಕ್ಕೆ ಮಾತ್ರ ಚಿತ್ರ ತಡೆಯುತ್ತದೆ. ಎರಡನೆಯದು ಇನ್ನೂ ಸರಳ. ಲ್ಯಾಪ್‌ಟಾಪ್ ಸೇರುವ ಇನ್‌ಪುಟ್‌ನಲ್ಲಿ ಎಚ್‌ಡಿಸಿಪಿಯನ್ನೇ ಆಫ್ ಮಾಡಿಬಿಡುವುದು. ಆಗ ಸ್ಲೈಡುಗಳು ಬೀಗವಿಲ್ಲದೆ ಹೊರಬರುತ್ತವೆ, ರೆಕಾರ್ಡೂ ಆಗುತ್ತವೆ. ರಕ್ಷಣೆ ಇರುವ ಸಿನಿಮಾ ಮಾತ್ರ ಓಡುವುದಿಲ್ಲ.

ಇಷ್ಟೆಲ್ಲ ಮಾಡಿ ಕಳ್ಳ ಸಿಕ್ಕನೇ? ಸುಮಾರು 40 ಯಂತ್ರಗಳ ಕೀಲಿ ಕೈಸೇರಿದರೆ ಇಡೀ ವ್ಯವಸ್ಥೆಯನ್ನೇ ಬಿಚ್ಚಬಹುದು ಅಂತ ಸಂಶೋಧಕರು 2001ರಲ್ಲೇ ತೋರಿಸಿದ್ದರು. ಅದೇ ವರ್ಷ ಡಚ್ ತಜ್ಞ ನೀಲ್ಸ್ ಫರ್ಗುಸನ್ ತಾನೂ ಇದನ್ನು ಮುರಿದಿರುವುದಾಗಿ ಹೇಳಿ, ಅಮೆರಿಕದ 1998ರ ಕಾಪಿರೈಟ್ ಕಾನೂನಿಗೆ ಹೆದರಿ ವಿವರ ಪ್ರಕಟಿಸಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಮೂಲ ಕೀಲಿಯೇ ಇಂಟರ್‌ನೆಟ್‌ಗೆ ಬಂತು. ಅದು ಅಸಲಿ ಅಂತ ಇಂಟೆಲ್ ಒಪ್ಪಿಕೊಂಡಿತು.

ಕಳ್ಳನ ಕೈಗೆ ಕೀಲಿ ಸಿಕ್ಕಿತು. ಆದ್ರೆ ಲೈಸೆನ್ಸಿಗೆ ಸಹಿ ಹಾಕಿದ ಪ್ರಾಮಾಣಿಕ ಕಂಪನಿಗಳು ಅದನ್ನು ಬಳಸುವಂತಿರಲಿಲ್ಲ. 2013ರಲ್ಲಿ ಬಂದ 2.2 ಆವೃತ್ತಿ ನಿಯಮವನ್ನು ಇನ್ನಷ್ಟು ಬಿಗಿಮಾಡಿತು. ಒಂದು ಮೂಲದ ಕೆಳಗೆ ಮೊದಲು 127 ಯಂತ್ರಗಳಿಗೆ ಅವಕಾಶವಿತ್ತು, ಅದು 32ಕ್ಕೆ ಇಳಿಯಿತು. 2.2 ರಕ್ಷಣೆ ಕಡ್ಡಾಯವಾದ 4ಕೆ ಚಿತ್ರಗಳು ಹಳೆಯ ಪ್ರೊಜೆಕ್ಟರ್‌ಗಳಿಗೆ ಹೋಗದಂತಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

ಸಿನಿಮಾ ಮಾಡಿದವರ ದುಡಿಮೆಗೆ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ರಕ್ಷಣೆಯ ಖರ್ಚನ್ನು ಸಿನಿಮಾಗೆ ಸಂಬಂಧವೇ ಇಲ್ಲದ ಪಾಠಶಾಲೆ, ಆಸ್ಪತ್ರೆ, ಆಫೀಸುಗಳೂ ಹೊತ್ತವು. ನಿಮ್ಮ ಆಫೀಸಿನಲ್ಲಿ ಹೊಸ ಕಾನ್ಫರೆನ್ಸ್ ರೂಮು ಮಾಡಿಸುವಾಗ ಗುತ್ತಿಗೆದಾರರನ್ನು ಒಂದು ಪ್ರಶ್ನೆ ಕೇಳಿ: ಪ್ರತಿ ಇನ್‌ಪುಟ್‌ಗೂ ಬೇರೆಬೇರೆಯಾಗಿ ಎಚ್‌ಡಿಸಿಪಿ ಆಫ್ ಮಾಡಲು ಆಗುತ್ತಾ? ನಿಮ್ಮದೇ ಕೆಲಸವನ್ನು ನಾಲ್ಕು ಜನರಿಗೆ ತೋರಿಸೋಕೆ ಇನ್ಯಾರದೋ ಅಪ್ಪಣೆ ಬೇಕೋ ಬೇಡವೋ ಅನ್ನೋದು ಆ ಒಂದು ಸೆಟ್ಟಿಂಗ್‌ನಲ್ಲಿದೆ.