ಹಿಟ್ಟು ಕಲಸುವ ಪುಟ್ಟ ಕೈಗಳು

ನಾಲ್ಕು ವರ್ಷದ ಮಗುವಿನ ಕೈಗೆ ಹಿಟ್ಟಿನ ಬೋಗುಣಿ ಕೊಟ್ಟರೆ ಅರ್ಧ ಹಿಟ್ಟು ನೆಲದ ಪಾಲಾಗುತ್ತದೆ. ಆದರೂ ಯೂರೋಪು, ಅಮೆರಿಕಗಳ ಶಿಶುವಿಹಾರಗಳಲ್ಲಿ ಮಕ್ಕಳಿಂದ ಬ್ರೆಡ್ಡು, ಬಿಸ್ಕತ್ತು ಮಾಡಿಸುವ ರೂಢಿಯಿದೆ. ಇದು ಬರಿಯ ಹೊತ್ತು ಕಳೆಯುವ ಆಟವಲ್ಲ; ಇದರ ಹಿಂದೆ ಶಿಕ್ಷಣ ಚಿಂತಕರ ದೀರ್ಘ ವಿಚಾರಮಂಥನವಿದೆ.

ಜರ್ಮನಿಯ ಬ್ಲಾಂಕೆನ್‌ಬುರ್ಗ್ ಊರಿನಲ್ಲಿ 1837ರಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಎಳೆಯರಿಗಾಗಿ ಸಂಸ್ಥೆಯೊಂದನ್ನು ತೆರೆದ. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. 'ಮಕ್ಕಳ ತೋಟ' ಎಂದು ಅದರ ಅರ್ಥ. 1844ರಲ್ಲಿ ತಾಯಂದಿರಿಗಾಗಿ ಆತ ಹೊರತಂದ ಹಾಡುಗಳ ಪುಸ್ತಕದಲ್ಲಿ, ಮಗುವಿನ ಕೈ ತಟ್ಟಿಸುತ್ತ ಕೇಕು ಮಾಡುವ ಆಟವೊಂದಿದೆ. ತಿನಿಸು ಬಾಯಿಗೆ ಬರಬೇಕಾದರೆ ರೈತ, ಗಿರಣಿಯವ, ಬೇಕರಿಯವ ಎಲ್ಲರೂ ದುಡಿದಿರಬೇಕು ಎಂಬುದು ಮಗುವಿಗೆ ತಿಳಿಯಲೆಂದು ಅವನ ಆಶಯ. ಆದರೆ ಆ ಆಟದಲ್ಲಿ ಹಿಟ್ಟೂ ಇಲ್ಲ, ಒಲೆಯೂ ಇಲ್ಲ.

ಒಲೆಯನ್ನೇ ಶಾಲೆಯೊಳಗೆ ತಂದ ಪ್ರಯೋಗವೊಂದು ಅಮೆರಿಕದಲ್ಲಿ ನಡೆಯಿತು. ತತ್ವಜ್ಞಾನಿ ಜಾನ್ ಡ್ಯೂಯಿ 1896ರ ಜನವರಿಯಲ್ಲಿ ಚಿಕಾಗೊ ವಿಶ್ವವಿದ್ಯಾಲಯದಲ್ಲಿ 16 ಮಕ್ಕಳು, ಇಬ್ಬರು ಶಿಕ್ಷಕರೊಡನೆ ಶಾಲೆಯೊಂದನ್ನು ಆರಂಭಿಸಿದ. ಹಿಂದೆ ನೂಲುವುದು, ನೇಯುವುದು, ಮೇಣದಬತ್ತಿ ಮಾಡುವುದು ಎಲ್ಲ ಮನೆಯಲ್ಲೇ ನಡೆಯುತ್ತಿದ್ದವು. ಮಗು ನೋಡುತ್ತ, ಕೈಜೋಡಿಸುತ್ತ ಕಲಿಯುತ್ತಿತ್ತು. ಕಾರ್ಖಾನೆಗಳು ಬಂದ ಮೇಲೆ ನಗರದ ಮಗುವಿಗೆ ಎಲ್ಲವೂ ಸಿದ್ಧವಾಗಿಯೇ ದೊರೆಯತೊಡಗಿತು. ಮನೆಯಲ್ಲಿ ತಪ್ಪಿಹೋದ ಈ ಕಲಿಕೆಯನ್ನು ಶಾಲೆ ವಹಿಸಿಕೊಳ್ಳಬೇಕು ಎಂಬುದು ಡ್ಯೂಯಿಯ ವಾದ.

ಹೀಗಾಗಿ ಅಡುಗೆ, ಹೊಲಿಗೆ, ಮರಗೆಲಸ ಆ ಶಾಲೆಯ ಪಾಠಗಳ ತಿರುಳಾದವು. ಅಡುಗೆಯ ಪಾಠ ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ ಇತ್ತು. ಕಿರಿಯ ಮಕ್ಕಳೂ ತಮ್ಮ ಉಪಾಹಾರದ ತಯಾರಿಯಲ್ಲಿ ತೊಡಗುತ್ತಿದ್ದರು. ಧಾನ್ಯ, ನೀರು ಅಳೆಯುವಾಗ ಅರ್ಧ, ಕಾಲು ಎಂಬ ಲೆಕ್ಕ ತಾನಾಗಿ ಬರುತ್ತಿತ್ತು.

1899ರ 'ದಿ ಸ್ಕೂಲ್ ಅಂಡ್ ಸೊಸೈಟಿ' ಕೃತಿಯಲ್ಲಿ ಡ್ಯೂಯಿ ಒಂದು ಪ್ರಸಂಗ ಹೇಳುತ್ತಾನೆ. ಪ್ರಯೋಗ ಮಾಡಿ ಮಾಡಿ ಬೇಸತ್ತ ಮಗುವೊಂದು, ಅಡುಗೆ ಪುಸ್ತಕ ನೋಡಿ ಮಾಡಿದರಾಗದೇ ಎಂದು ಕೇಳಿತು. ಆ ಪುಸ್ತಕದ ವಿಧಾನ ಬಂದದ್ದಾದರೂ ಎಲ್ಲಿಂದ ಎಂದು ಶಿಕ್ಷಕರು ಮಕ್ಕಳನ್ನೇ ಕೇಳಿದರು. ಪುಸ್ತಕದಂತೆ ನಡೆದರೆ ಮಾಡುವ ಕೆಲಸದ ಕಾರಣ ತಿಳಿಯದು ಎಂಬುದು ಮಕ್ಕಳಿಗೇ ಹೊಳೆಯಿತು. ನೀರು ಎಷ್ಟು ಕಾದರೆ ಮೊಟ್ಟೆಯ ಬಿಳಿಭಾಗ ಏನಾಗುತ್ತದೆ ಎಂಬುದನ್ನು ಅವರು ಪರೀಕ್ಷಿಸಿಯೇ ಕಂಡುಕೊಂಡರು.

ಫ್ರೋಬೆಲ್‌ನ ತತ್ವಗಳನ್ನು ಕುರಿತು 1900ರಲ್ಲಿ ಬರೆದಾಗ ಡ್ಯೂಯಿ ಆಟದ ಮಹತ್ವವನ್ನು ಒಪ್ಪಿದ. ಆದರೆ ಮಕ್ಕಳ ಕೈಗೆ ಕೊಡುವ ವಸ್ತುಗಳು ಆದಷ್ಟೂ ನಿಜವಾದವೇ ಆಗಿರಬೇಕು ಎಂದ. 1904ರಲ್ಲಿ ಆತ ಚಿಕಾಗೊ ತೊರೆದರೂ ಶಾಲೆ ಇಂದಿಗೂ ನಡೆಯುತ್ತಿದೆ. ಹಿಟ್ಟು ಉಬ್ಬುವುದನ್ನು, ಬಿಸಿಗೆ ಕೆಂಪಗಾಗುವುದನ್ನು ಕಣ್ಣಾರೆ ಕಂಡ ಮಗುವಿಗೆ, ಬ್ರೆಡ್ಡು ಅಂಗಡಿಯಲ್ಲೇ ಹುಟ್ಟುವುದಿಲ್ಲ ಎಂಬುದು ಗೊತ್ತಿರುತ್ತದೆ. ಅದಕ್ಕಾಗಿ ಎರಡು ಹಿಡಿ ಹಿಟ್ಟು ನೆಲಕ್ಕೆ ಚೆಲ್ಲಿದರೆ ನಷ್ಟವೇನೂ ಇಲ್ಲ.