ಚಿನ್ನದ ಮಾನವೂ ಗಣಿಗಾರನ ಕೂಲಿಯೂ

ರಾಷ್ಟ್ರದ ಬ್ಯಾಂಕು ಮೊದಲು ಕಾಯಬೇಕಾದುದು ಹಣದ ಪೇಟೆಯ ನಂಬಿಕೆಯನ್ನೋ, ದುಡಿಯುವವರ ಜೀವನವನ್ನೋ? ಇಂಗ್ಲೆಂಡಿನ ಚರಿತ್ರೆಯನ್ನು ವಾಚಕರು ಪರಿಶೀಲಿಸಬಹುದು.

ಪ್ರಥಮ ಮಹಾಯುದ್ಧಾನಂತರ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರರಾದ ಮಾಂಟೆಗು ನಾರ್ಮನ್ನರು ಪೌಂಡಿಗೆ ಯುದ್ಧಪೂರ್ವದ ಚಿನ್ನದ ಬೆಲೆಯೇ ಸಲ್ಲಬೇಕೆಂದರು. ಲಂಡನ್ ಪೇಟೆಯ ಪ್ರತಿಷ್ಠೆ ಅದರಲ್ಲಿದೆಯೆಂಬುದು ಅವರ ಮತ. 1925ರಲ್ಲಿ ಅರ್ಥಸಚಿವ ಚರ್ಚಿಲ್ಲರು ಅದನ್ನು ಅಂಗೀಕರಿಸಲು, ಪೌಂಡು 4.86 ಡಾಲರಿಗೆ ಏರಿ ನಿಂತಿತು. ಮೊದಲೇ ಸೊರಗಿದ್ದ ಇಂಗ್ಲೆಂಡಿನ ಕಲ್ಲಿದ್ದಲು ಪರದೇಶಗಳಲ್ಲಿ ಇನ್ನಷ್ಟು ತುಟ್ಟಿಯಾಯಿತು. ಇದರ ಭಾರ ಗಣಿಗಾರನ ಕೂಲಿಯ ಮೇಲೆ ಬೀಳುವುದೆಂದು ಕೇನ್ಸರು ಆ ವರ್ಷವೇ ಎಚ್ಚರಿಸಿದರು. ಹಾಗೆಯೇ ಆಯಿತು. ಒಡೆಯರು ಕೂಲಿಯನ್ನು ಇಳಿಸಹೊರಡಲು, 1926ರ ಮೇ ತಿಂಗಳಲ್ಲಿ ಸಾರ್ವತ್ರಿಕ ಮುಷ್ಕರವೆದ್ದಿತು.

1931ರ ಸೆಪ್ಟೆಂಬರ್ 21ರಂದು ಆ ಚಿನ್ನದ ಮಾನವನ್ನೇ ಕೈಬಿಡಬೇಕಾಯಿತು. ಮರುವರ್ಷ ಬ್ಯಾಂಕಿನ ಬಡ್ಡಿ ನೂರಕ್ಕೆ 2ಕ್ಕೆ ಇಳಿದು, ಊರೂರಲ್ಲಿ ಮನೆ ಕಟ್ಟುವ ಕೆಲಸವು ಚಿಗುರಿತು. ಪೇಟೆಯ ಪ್ರತಿಷ್ಠೆಯೂ ಉಳಿಯದೆ, ಗಣಿಗಾರನು ಕಳೆದುಕೊಂಡ ಕೂಲಿಯೂ ಮರಳದೆ ಹೋದ ಆರು ವರ್ಷಗಳು ಹಣದ ಅಧಿಪತಿಗಳಿಗೆ ಇಂದಿಗೂ ಪಾಠವಾಗಿವೆ.